ಹೆಗಲ ಮೇಲಿಂದ ಬಂದ ಎಲೆ

ನನಗೂ ನನ್ನ ಮಾವನವರಿಗೂ ಜಗಳವಾಗಿ ಮಾತು ನಿಂತಿದೆ ಎಂದು ಬಹಳ ಜನ ತಿಳಿದಿದ್ದರು. ಅದು ತಪ್ಪು. ನಿಲ್ಲಬೇಕಾದರೆ ಮೊದಲು ಶುರುವಾಗಿರಬೇಕಲ್ಲ. ನಮ್ಮ ನಡುವೆ ಮಾತು ಶುರುವೇ ಆಗಿರಲಿಲ್ಲ. ಡೊಂಬಿವಲಿಯ ಅವರ ಮನೆಯ ಸೋಫಾದಲ್ಲಿ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತಿದ್ದರೂ ಅವರು ಅಡುಗೆಮನೆಯ ಕಡೆ ತಿರುಗಿ ಮಗಳಿಗೆ ಹೇಳುತ್ತಿದ್ದರು: “ಅವರಿಗೆ ಚಾ ಬೇಕಾ ಅಂತ ಕೇಳು.” ನಾನೂ ಕಡಿಮೆಯವನಲ್ಲ. ಅದೇ ಅಡುಗೆಮನೆಯ ಕಡೆ ನೋಡಿ, “ಸಕ್ಕರೆ ಕಡಿಮೆ ಇರ್ಲಿ ಅಂತ ಹೇಳು” ಎನ್ನುತ್ತಿದ್ದೆ. ಒಳಗಿನಿಂದ ನನ್ನ ಹೆಂಡತಿ ಅಲ್ಲಿಯದನ್ನು ಇಲ್ಲಿಗೂ ಇಲ್ಲಿಯದನ್ನು ಅಲ್ಲಿಗೂ ಮುಟ್ಟಿಸುತ್ತಿದ್ದಳು. ಹೀಗೆ ಹಲವು ವರ್ಷ ನಡೆಯಿತು.

ಮಾವನವರು ಉಡುಪಿ ಕಡೆಯವರು. ತುರ್ಭೆಯ ಕಾರ್ಖಾನೆಗಳ ನಡುವೆ ಒಂದು ಕ್ಯಾಂಟೀನು ನಡೆಸುತ್ತಿದ್ದರು. ಮನೆಯಲ್ಲಿ ತುಳು, ಕ್ಯಾಂಟೀನಿನಲ್ಲಿ ಹಿಂದಿ, ರೈಲಿನಲ್ಲಿ ಮರಾಠಿ ಎಂದು ಅವರ ದಿನ ಹಂಚಿಹೋಗಿತ್ತು. ಮಗಳಿಗೆ ಹೋಟೆಲಿನ ಕಸುಬಿನವನನ್ನು, ತುಳು ಬಲ್ಲ ತಮ್ಮವನನ್ನು ತರಬೇಕೆಂದಿದ್ದರು. ಅವಳು ನನ್ನನ್ನು ತಂದಳು. ನಾನು ಮೈಸೂರಿನವನು, ಘಾಟ್ಕೋಪರಿನ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತಿದ್ದವನು, ತುಳುವಿನಲ್ಲಿ ಊಟವಾಯಿತೇ ಎಂದು ಕೇಳಲೂ ಬಾರದವನು. ರಿಜಿಸ್ಟ್ರಾರ್ ಆಫೀಸಿಗೆ ಅವರು ಬಂದರು, ಸಾಕ್ಷಿಯ ಸಹಿ ಹಾಕಿದರು, ಊಟ ಮಾಡಿದರು, ಹೋದರು. ಬೇಡವೆಂದೂ ಹೇಳಲಿಲ್ಲ, ಸರಿಯೆಂದೂ ಹೇಳಲಿಲ್ಲ.

ಮದುವೆಯಾದ ಹೊಸದರಲ್ಲಿ ನಾವು ಕಲ್ಯಾಣದಲ್ಲಿ ಬಾಡಿಗೆಗಿದ್ದೆವು. ಬೆಳಗಿನ ಫಾಸ್ಟ್ ಲೋಕಲ್ಲಿಗೆ ನಾನು ಕಲ್ಯಾಣದಲ್ಲಿ ಹತ್ತಿದರೆ ಮಾವನವರು ಡೊಂಬಿವಲಿಯಲ್ಲಿ ಹತ್ತುತ್ತಿದ್ದರು. ಅವರ ಬೋಗಿ ಯಾವುದೆಂದು ಹೆಂಡತಿಗೆ ಗೊತ್ತಿತ್ತು. “ದಿನಾ ಅದೇ ಡಬ್ಬದಲ್ಲಿ ಹೋಗಿ ಅವರ ಕಣ್ಣಿಗೆ ಬೀಳಿ. ಎಷ್ಟು ದಿನ ಅಂತ ಸುಮ್ಮನಿರ್ತಾರೆ?” ಎಂದಳು. ಅವಳಿಗೆ ಅಪ್ಪನ ಬಗ್ಗೆ ಇದ್ದ ಒಂದೇ ತಪ್ಪು ಅಂದಾಜು ಅದು.

ಆ ಬೋಗಿಯಲ್ಲಿ ಇಸ್ಪೀಟಿನ ಒಂದು ಗುಂಪಿತ್ತು. ಎದುರುಬದುರು ಸೀಟಿನವರು ಮೊಣಕಾಲುಗಳ ಮೇಲೆ ಒಂದು ಬ್ರೀಫ್‌ಕೇಸ್ ಅಡ್ಡ ಇಟ್ಟು ರಮ್ಮಿ ಆಡುತ್ತಿದ್ದರು. ದುಡ್ಡು ಕಾಸು ಇಲ್ಲ, ಬರೀ ಹೊತ್ತು ಕಳೆಯುವುದು. ಕಲ್ಯಾಣದಿಂದ ಬಂದವರು ಮಾವನವರಿಗೆ ಕಿಟಕಿಯ ಪಕ್ಕದ ಜಾಗ ಹಿಡಿದಿಟ್ಟಿರುತ್ತಿದ್ದರು. ಅವರು ಬಂದು ಕೂತ ಕೂಡಲೇ ಎಲೆ ಹಂಚಿಕೆ ಶುರು. ನಾನು ಅವರ ಬೆನ್ನ ಹಿಂದೆ, ಸೀಟಿನ ಅಂಚಿಗೆ ಒರಗಿ ನಿಂತಿರುತ್ತಿದ್ದೆ. ಅವರ ತಲೆಯ ನಡುವೆ ಕೂದಲು ತೆಳ್ಳಗಾಗುತ್ತಿದ್ದುದನ್ನು ಅವರಿಗಿಂತ ಮೊದಲು ಕಂಡವನು ನಾನೇ ಇರಬೇಕು.

ಆ ಗುಂಪಿಗೆ ಒಂದು ರಿವಾಜಿತ್ತು. ಆಟದ ನಡುವೆ ಯಾರದಾದರೂ ಸ್ಟೇಷನ್ ಬಂದರೆ ಅವನು ಎಲೆ ಕೆಳಗಿಟ್ಟು ಆಟ ಕೆಡಿಸುವಂತಿಲ್ಲ. ಹಿಂದೆ ನಿಂತವರಲ್ಲಿ ಒಬ್ಬನಿಗೆ ತನ್ನ ಎಲೆಗಳನ್ನು ಹೆಗಲ ಮೇಲಿಂದ ಕೊಟ್ಟು ಇಳಿಯಬೇಕು. ತೆಗೆದುಕೊಂಡವನು ಅವನ ಜಾಗದಲ್ಲಿ ಕೂತು ಆ ಎಲೆಗಳನ್ನೇ ತನ್ನವೆಂದು ಆಡಬೇಕು. ಒಳ್ಳೆಯ ಎಲೆಯೋ ಕೆಟ್ಟದ್ದೋ ಎಂದು ಕೇಳುವ ಹಾಗಿಲ್ಲ. ಹೀಗೆ ಎಲೆ ಸಿಕ್ಕವನು ಮಾರನೆಯ ದಿನದಿಂದ ಗುಂಪಿನವನೇ. ಅವನಿಗೂ ಶೇಂಗಾ ಬರುತ್ತಿತ್ತು, ಅವನ ಮನೆಯ ಕಷ್ಟಸುಖವನ್ನೂ ವಿಚಾರಿಸುತ್ತಿದ್ದರು.

ಮಾವನವರು ಠಾಣೆಯಲ್ಲಿ ಇಳಿದು ತುರ್ಭೆಯ ಗಾಡಿ ಹಿಡಿಯಬೇಕಿತ್ತು. ಪಾರಸಿಕ್ ಸುರಂಗದ ಕತ್ತಲು ಮುಗಿದು ಬೆಳಕಾಯಿತೆಂದರೆ ಅವರು ಏಳುವ ಹೊತ್ತು. ಎದ್ದು, ತಿರುಗಿ ನೋಡದೆ, ಎಲೆಗಳನ್ನು ಹೆಗಲ ಮೇಲೆ ಎತ್ತುತ್ತಿದ್ದರು. ಪ್ರತಿ ಸಲವೂ ಆ ಕೈ ನನ್ನ ಮೂಗಿನ ಮುಂದೆಯೇ ಹಾದು ಪಕ್ಕದವನ ಕಡೆ ಹೋಗುತ್ತಿತ್ತು. ಒಂದು ದಿನ ಬಟ್ಟೆ ಅಂಗಡಿಯವನಿಗೆ, ಇನ್ನೊಂದು ದಿನ ಯಾವನೋ ಕಾಲೇಜಿನ ಹುಡುಗನಿಗೆ. ಒಮ್ಮೆ ಆಟವೇ ಬಾರದ ಒಬ್ಬನಿಗೆ ಕೊಟ್ಟು ಇಳಿದರು. ಅವನು ರಾಜನನ್ನೂ ಗುಲಾಮನನ್ನೂ ಗುರುತಿಸಲಾಗದೆ ಒದ್ದಾಡಿದ. ನನಗೆ ಮೈಯೆಲ್ಲ ಉರಿದುಹೋಯಿತು.

ಗುಂಪಿನಲ್ಲಿ ಬ್ಯಾಂಕಿನಲ್ಲಿದ್ದ ಒಬ್ಬ ಮರಾಠಿ ಗೃಹಸ್ಥರಿದ್ದರು. ಮಾವನವರ ಮಗಳ ಮದುವೆಯ ಸುದ್ದಿ ಅವರ ಕಿವಿಗೂ ಬಿದ್ದಿರಬೇಕು. ಒಂದು ಬೆಳಿಗ್ಗೆ ನನ್ನನ್ನೇ ದಿಟ್ಟಿಸಿ ನೋಡಿ ಮಾವನವರನ್ನು ಕೇಳಿದರು: “ಹಾ ಕೋಣ್? ಜಾವಈ ಕಾ?” ಯಾರಿವನು, ಅಳಿಯನೇ ಎಂದು. ಹೌದು ಎಂದು ಒಂದು ಸಲ ತಲೆಯಾಡಿಸಿದರೆ ಸಾಕಿತ್ತು. ಮಾವನವರು ಕೈಯಲ್ಲಿನ ಎಲೆ ಜೋಡಿಸುತ್ತಾ, “ಪತ್ತಾ ಟಾಕ್” ಎಂದರು. ಎಲೆ ಹಾಕು ಎಂದು. ಅಷ್ಟೇ. ಆ ಸಂಜೆ ನಾನು ಹೆಂಡತಿಯ ಮೇಲೆ ಕಾರಣವಿಲ್ಲದೆ ರೇಗಿದೆ.

ಕೆಲವು ವರ್ಷಗಳ ಮೇಲೆ ನನಗೆ ಐರೋಲಿಯಲ್ಲಿ ಕೆಲಸ ಸಿಕ್ಕಿತು, ಅಲ್ಲೇ ಖಾಡಿಯ, ಎಂದರೆ ಸಮುದ್ರದ ಹಿನ್ನೀರಿನ, ಕಡೆಗೆ ಒಂದು ಫ್ಲ್ಯಾಟಿಗೂ ಬಂದೆವು. ಆ ರೈಲು ತಪ್ಪಿತು. ಪೋಕರ್ ಸಿಕ್ಕಿದ್ದು ಅಲ್ಲಿ. ಬೆಂಗಳೂರಿನಿಂದ ಬಂದ ಸಹೋದ್ಯೋಗಿಯೊಬ್ಬ ಒಂದು ಪೆಟ್ಟಿಗೆ ತುಂಬ ಬಣ್ಣಬಣ್ಣದ ಬಿಲ್ಲೆಗಳನ್ನು ತಂದು ನಮ್ಮ ಊಟದ ಮೇಜಿನ ಮೇಲೆ ಸುರಿದ. ಭಾನುವಾರ ಮಧ್ಯಾಹ್ನಗಳು ಅವತ್ತಿನಿಂದ ಅದಕ್ಕೇ ಮೀಸಲಾದವು.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಪೋಕರಿನಲ್ಲಿ ನಿಮ್ಮ ಕೈಯಲ್ಲಿ ಎರಡೇ ಎಲೆ. ಮೇಜಿನ ನಡುವೆ ಎಲ್ಲರಿಗೂ ಸೇರಿ ಐದು ಎಲೆ ತೆರೆಯುತ್ತಾ ಹೋಗುತ್ತದೆ. ಒಟ್ಟಿನಲ್ಲಿ ಒಳ್ಳೆಯ ಐದನ್ನು ಕೂಡಿಸಿದವನು ಗೆದ್ದ. ಆದರೆ ಎಲೆ ತೆರೆದಂತೆಲ್ಲ ಬಾಜಿ ಏರಿಸಬಹುದು, ಅದಕ್ಕೆ ಸಮನಾಗಿ ಕಟ್ಟಲಾರದವನು ಎಲೆ ಕೆಳಗಿಟ್ಟು ಸುಮ್ಮನಾಗಬೇಕು. ಹಾಗಾಗಿ ಕೈಯಲ್ಲಿ ಏನೂ ಇಲ್ಲದವನೂ ಎಲ್ಲ ಇರುವವನ ಹಾಗೆ ಮುಖ ಮಾಡಿಕೊಂಡು ಗೆಲ್ಲಬಹುದು. ಕಾರ್ಪೊರೇಟ್ ಆಫೀಸಿನವರಿಗೆ ಈ ಆಟ ಇಷ್ಟವಾಗಿದ್ದರಲ್ಲಿ ಆಶ್ಚರ್ಯವಿಲ್ಲ.

ನಾವು ಆಡುತ್ತಿದ್ದುದು ಸಣ್ಣ ಕಾಸಿನ ಆಟ. ಇಡೀ ಮಧ್ಯಾಹ್ನ ಸೋತರೂ ಹೆಂಡತಿಗೆ ಸುಳ್ಳು ಹೇಳುವ ಅಗತ್ಯ ಬೀಳುತ್ತಿರಲಿಲ್ಲ. ವರ್ಷಕ್ಕೆ ಒಂದೆರಡು ಬಾರಿ ಯಾವುದಾದರೂ ಹೌಸಿಂಗ್ ಸೊಸೈಟಿಯ ಹಾಲಿನಲ್ಲಿ ಟೂರ್ನಮೆಂಟ್ ಆಗುತ್ತಿತ್ತು. ಎಲ್ಲರಿಗೂ ಸಮನಾಗಿ ಬಿಲ್ಲೆ, ಮುಗಿದವನು ಹೊರಗೆ, ಕೊನೆಗೆ ಉಳಿದವನಿಗೆ ಬಹುಮಾನ. ನೆರೂಳಿನಲ್ಲಿ ಒಮ್ಮೆ ಎಲ್ಲರಿಗಿಂತ ಮೊದಲು ಹೊರಬಿದ್ದು, ಅಡುಗೆಯವರ ಜೊತೆ ಬಟಾಟೆ ಸುಲಿಯುತ್ತಾ ಕೂತಿದ್ದೆ. ಕಲ್ಯಾಣದಲ್ಲಿ ಒಮ್ಮೆ ಮೂರನೆಯವನಾಗಿ ಗೋಡೆ ಗಡಿಯಾರ ಗೆದ್ದೆ. ಅದು ಈಗಲೂ ನಮ್ಮ ಹಾಲಿನಲ್ಲಿದೆ, ಸ್ವಲ್ಪ ಹಿಂದೆ ನಡೆಯುತ್ತದೆ. ಪುಸ್ತಕ ಓದಿ ಸಾಧ್ಯತೆಗಳ ಲೆಕ್ಕ ಬಾಯಿಪಾಠ ಮಾಡಿದ್ದೆ. ಆದರೂ ನನಗೆ ಒಳ್ಳೆಯ ಎಲೆ ಬಂದರೆ ಕಿವಿ ಕೆಂಪಾಗುತ್ತದೆ ಎಂಬುದು ನನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ನಿಜ ಹೇಳಬೇಕೆಂದರೆ ನನಗೆ ಗೆಲುವಿಗಿಂತ ಆ ಕೂತುಕೊಳ್ಳುವುದೇ ಇಷ್ಟವಾಗಿತ್ತು. ಮಾತಿನ ಉಪಚಾರವಿಲ್ಲದೆ ಇಷ್ಟು ಹೊತ್ತು ಇನ್ನೊಬ್ಬನ ಮುಖ ನೋಡುವ ಅವಕಾಶ ಬೇರೆಲ್ಲೂ ಇಲ್ಲ. ವಾರವೆಲ್ಲ ಮೀಟಿಂಗಿನಲ್ಲಿ ಕಂಡವನೇ ಇಲ್ಲಿ ಬೇರೆಯವನಾಗಿ ಕಾಣುತ್ತಿದ್ದ. ಸಿಡುಕನೆಂದು ನಾವೆಲ್ಲ ದೂರವಿಟ್ಟಿದ್ದ ಮ್ಯಾನೇಜರ್ ಒಬ್ಬ, ಸೋತು ಸಪ್ಪಗಾದವನ ಎದುರು ಗೆದ್ದ ಎಲೆ ತೋರಿಸದೆ ಮುಚ್ಚಿಡುತ್ತಿದ್ದ. ಅದನ್ನು ಕಂಡಮೇಲೆ ನನಗೆ ಅವನ ಮೇಲೆ ಸಿಟ್ಟು ಬರುವುದು ನಿಂತಿತು.

ಒಂದು ಭಾನುವಾರ ಅತ್ತೆ ಮಾವ ಮೊಮ್ಮಗಳನ್ನು ನೋಡಲು ಬಂದಾಗ ಆಟ ನಡೆದಿತ್ತು. ಮಾವನವರು ಸ್ವಲ್ಪ ಹೊತ್ತು ದೂರದಿಂದ ನೋಡಿದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡರು. ಆಮೇಲೆ ಮಗಳಿಗೆ ಹೇಳಿದರು: “ನಮಗೂ ಎಲೆ ಹಾಕ್ತಾರಾ ಅಂತ ಕೇಳು.”

ಅವರು ಆಡುತ್ತಿದ್ದ ರೀತಿ ನೋಡಿದರೆ ನನ್ನ ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕಬೇಕೆನ್ನಿಸುತ್ತಿತ್ತು. ಎಲೆ ಕೆಳಗಿಡುವುದೆಂದರೆ ಅವರಿಗೆ ಬಡಿಸಿದ ಅನ್ನ ಬಿಟ್ಟೇಳುವ ಹಾಗೆ. ಎಂಥ ದರಿದ್ರ ಎಲೆ ಬಂದರೂ ಕೊನೆಯ ತನಕ ಕೂರುತ್ತಿದ್ದರು. ಬಹಳ ಸಲ ಸೋಲುತ್ತಿದ್ದರು, ಕೆಲವು ಸಲ ಎಲ್ಲರ ಹೊಟ್ಟೆ ಉರಿಸುವಂತೆ ಗೆಲ್ಲುತ್ತಿದ್ದರು. ಜೊತೆಗೆ ಅವರಿಗೆ ರೂಢಿಯಿದ್ದದ್ದು ದೀಪಾವಳಿಯ ಮೂರೆಲೆಯ ಆಟ. ಅದರಲ್ಲಿ ಒಂದೇ ಬಣ್ಣದ ಎಲೆಗಳಿಗಿಂತ ಸಾಲಾಗಿ ಬಂದ ಎಲೆಗಳು ದೊಡ್ಡವು. ಪೋಕರಿನಲ್ಲಿ ತಿರುಗಾಮುರುಗಾ, ಬಣ್ಣವೇ ದೊಡ್ಡದು. ಮೊದಲ ದಿನವೇ ಅವರು ಐದರಿಂದ ಒಂಬತ್ತರವರೆಗೆ ಸಾಲು ಹಾಸಿ ಎರಡೂ ಕೈಯಿಂದ ಬಿಲ್ಲೆ ಬಾಚಿಕೊಳ್ಳತೊಡಗಿದರು. ನನ್ನ ಐದೂ ಎಲೆ ಕೆಂಪು ಹೃದಯದವು.

“ಬಣ್ಣ ದೊಡ್ಡದು ಅಂತ ಹೇಳು,” ಎಂದೆ ಹೆಂಡತಿಗೆ.

“ಯಾವ ಊರಲ್ಲಿ ಅಂತ ಕೇಳು,” ಎಂದರು ಅವರು.

“ಇಡೀ ಪ್ರಪಂಚದಲ್ಲಿ ಅಂತ ಹೇಳು.”

“ಡೊಂಬಿವಲಿಯಲ್ಲಿ ಹಾಗಿಲ್ಲ ಅಂತ ಹೇಳು.”

ಕನ್ನಡ ಬಾರದ ನನ್ನ ಗೆಳೆಯರು ಟೆನಿಸ್ ನೋಡುವವರ ಹಾಗೆ ಅತ್ತ ಇತ್ತ ಕತ್ತು ತಿರುಗಿಸಿದರು. ಹೆಂಡತಿ ಬಿಲ್ಲೆಗಳನ್ನು ತಾನೇ ಎರಡು ಪಾಲು ಮಾಡಿ ಇಬ್ಬರ ಮುಂದೂ ತಳ್ಳಿ ಒಳಗೆ ಹೋದಳು.

ನಮಗೆ ಅದು ತಮಾಷೆಯಾಗಿತ್ತು. ಅವಳಿಗೆ ಆಗಿರಲಿಲ್ಲ. ಒಂದು ದಿನ ಎಲ್ಲರೂ ಹೋದಮೇಲೆ ಅವಳು ಸಿಂಕಿನ ಮುಂದೆ ನಿಂತು, ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ನಾನು ಹೆದರಿದೆ. ಅವಳು ಕೂಗಾಡಿದ್ದರೆ ಹೆದರುತ್ತಿರಲಿಲ್ಲ.

“ನನಗೆ ಸಾಕಾಯ್ತು. ಇಬ್ಬರಿಗೂ ದೇವರು ನಾಲಿಗೆ ಕೊಟ್ಟಿದ್ದಾನೆ. ಇನ್ನು ನಾನು ಯಾರಿಗೂ ಏನೂ ಹೇಳ್ಲಿಕ್ಕಿಲ್ಲ, ಕೇಳ್ಲಿಕ್ಕಿಲ್ಲ,” ಎಂದಳು.

“ನಾನೇನು ಮಾಡಿದೆ? ಅವರಲ್ವಾ ಮೊದಲು...”

“ಅವರು ಮೊದಲು, ನೀವು ಆಮೇಲೆ, ನಡುವೆ ನಾನು. ದೀಪಾವಳಿಗೆ ನಾನು ಮಗಳನ್ನು ಕರ್ಕೊಂಡು ಡೊಂಬಿವಲಿಗೆ ಹೋಗ್ತೇನೆ. ನೀವು ಬರೋದು ಬೇಡ. ಪಪ್ಪನಿಗೂ ಹೇಳಿದ್ದೇನೆ, ಇನ್ನು ಇಲ್ಲಿಗೆ ಬರೋದು ಬೇಡ ಅಂತ. ಎರಡು ಮನೆ ಎರಡಾಗಿಯೇ ಇರ್ಲಿ.”

ಮಾತಿಗೆ ತಪ್ಪುವವಳಲ್ಲ. ಹಬ್ಬಕ್ಕೆ ಮೊದಲು ಒಮ್ಮೆ ಮೂವರೂ ಡೊಂಬಿವಲಿಗೆ ಹೋಗಲೇಬೇಕಾಗಿ ಬಂದಾಗ ಅವಳು ನಿಜಕ್ಕೂ ಬಾಯಿ ತೆರೆಯಲಿಲ್ಲ. ಮಾವನವರು ಮೊಮ್ಮಗಳನ್ನು ಹಿಡಿದರು. ಅವಳಿಗೆ ಕನ್ನಡ ತಿಳಿದರೂ ಉತ್ತರ ಕೊಡುವುದು ಹಿಂದಿಯಲ್ಲೇ. “ಪಪ್ಪಾ, ಅಜ್ಜ ಪೂಛ್ ರಹೇ ಹೈಂ, ಪಂಖಾ ಬಂದ್ ಕರೂಂ ಕ್ಯಾ?” ಎಂದು ಒಮ್ಮೆ ಬಂದು ಕೇಳಿದಳು. ಫ್ಯಾನು ಆರಿಸಲೇ ಎಂದು ಅಜ್ಜ ಕೇಳುತ್ತಿದ್ದಾರೆ ಎಂದು. ಅವಳ ಅಮ್ಮ ಅವಳನ್ನೂ ಕೈ ಹಿಡಿದು ಒಳಗೆ ಕರೆದೊಯ್ದಳು. ಮೇಲೆ ಫ್ಯಾನು ತಿರುಗುತ್ತಿತ್ತು, ಕೆಳಗೆ ನಾವಿಬ್ಬರು ಟಿವಿಯಲ್ಲಿ ಯಾವುದೋ ಜಾಹೀರಾತನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದೆವು. ಅವರಿಗೆ ಚಳಿಯಾಗುತ್ತಿತ್ತು ಎಂದು ನನಗೆ ಗೊತ್ತಿತ್ತು. ಎದ್ದು ಆರಿಸಬಹುದಿತ್ತು. ಅವರೂ ಎದ್ದು ಆರಿಸಬಹುದಿತ್ತು.

ದೀಪಾವಳಿಗೆ ಮುಂಚಿನ ಭಾನುವಾರ ಠಾಣೆಯಲ್ಲಿ ನನ್ನ ಸಹೋದ್ಯೋಗಿಯೊಬ್ಬನ ಸೊಸೈಟಿಯಲ್ಲಿ ಟೂರ್ನಮೆಂಟ್ ಇತ್ತು. ದುಡ್ಡಿನ ಬಾಜಿ ಇಲ್ಲ, ಮೊದಲನೆಯ ಬಹುಮಾನ ಒಂದು ಮಿಕ್ಸರ್. ಹಿಂದಿನ ವರ್ಷ ನಿಯಮದ ಬಗ್ಗೆ ದೊಡ್ಡ ಗಲಾಟೆಯಾಗಿದ್ದರಿಂದ ಈ ಸಲ ನಿಯಮಗಳನ್ನು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆಟ ಚೆನ್ನಾಗಿ ಬಾರದವನಿಗೆ ನಿಯಮಗಳಾದರೂ ಚೆನ್ನಾಗಿ ಬರಬೇಕು. ಟೈಪು ಮಾಡಿ, ಹಾಲಿನ ಗೋಡೆಗೆ ನಾನೇ ಅಂಟಿಸಿದೆ.

ಅಂಟಿಸಿ ತಿರುಗಿದರೆ ಬಾಗಿಲಲ್ಲಿ ಹೆಂಡತಿ, ಅವಳ ಹಿಂದೆ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮಾವನವರು. ಅವರ ಹೆಸರನ್ನು ಅವಳೇ ಬರೆಸಿದ್ದಳು. ನನಗೆ ಒಂದು ಮಾತೂ ಹೇಳಿರಲಿಲ್ಲ. ಅತ್ತೆಯ ಮಿಕ್ಸರ್ ಹೊಗೆ ಬಿಟ್ಟು ಕೆಟ್ಟಿತ್ತಂತೆ, ಹೊಸದು ಗೆದ್ದು ತರುತ್ತೇನೆಂದು ಹೇಳಿ ಮನೆ ಬಿಟ್ಟಿದ್ದರಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ನನ್ನ ಆಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೈಯಲ್ಲಿ ಏನೂ ಇಲ್ಲದೆ ಎಲ್ಲ ಬಿಲ್ಲೆಗಳನ್ನೂ ಮುಂದೆ ತಳ್ಳಿದೆ. ಎದುರಿನವನು ನನ್ನ ಕಿವಿ ನೋಡಿದ. ಕೆಂಪಾಗಿರಲಿಲ್ಲ. ಸಮ ಕಟ್ಟಿದ. ನಾನು ಹೊರಗೆ.

ಒಂದು ಪ್ಲೇಟು ಬಟಾಟೆ ವಡೆ ತಿಂದು, ಬೇರೆ ಕೆಲಸವಿಲ್ಲದೆ ಮಾವನವರ ಮೇಜಿನ ಕಡೆ ಹೋದೆ. ಎದುರು ನಿಲ್ಲಲು ಜಾಗವಿರಲಿಲ್ಲ. ಅವರ ಬೆನ್ನ ಹಿಂದೆ ಇತ್ತು. ನಿಂತೆ. ಕೂದಲು ಈಗ ಇನ್ನೂ ಕಡಿಮೆಯಾಗಿತ್ತು.

ಅವರ ಮುಂದೆ ಬಿಲ್ಲೆಗಳ ದೊಡ್ಡ ರಾಶಿಯೇ ಇತ್ತು. ಎಲ್ಲರೂ ಎಲೆ ಕೆಳಗಿಡುವ ಕಡೆ ಅವರು ಇಡದೆ ಕೂತು, ಎರಡು ಮೂರು ಸಲ ಅದೃಷ್ಟ ಒಲಿದು, ಈಗ ಉಳಿದ ಕೆಲವೇ ಜನರಲ್ಲಿ ಒಬ್ಬರಾಗಿದ್ದರು. ಮಿಕ್ಸರಿನ ಪೆಟ್ಟಿಗೆ ಮೂಲೆಯಲ್ಲಿ ಕಾಣುತ್ತಿತ್ತು. ಅವರು ಆಗಾಗ ಅದರ ಕಡೆ ನೋಡುತ್ತಿದ್ದರು. ಆದರೆ ಇನ್ನೊಂದು ಸಂಗತಿಯೂ ನನ್ನ ಕಣ್ಣಿಗೆ ಬಿತ್ತು. ಅವರು ಕಾಲಿನ ಮೇಲೆ ಕಾಲು ಹಾಕುತ್ತಿದ್ದರು, ತೆಗೆಯುತ್ತಿದ್ದರು, ಮತ್ತೆ ಹಾಕುತ್ತಿದ್ದರು. ಸಕ್ಕರೆ ಕಾಯಿಲೆಯವರು. ಕೂತಲ್ಲಿಂದ ಆಗಾಗ ಏಳಲೇಬೇಕು. ಎದ್ದುಹೋದರೆ ಎಲೆ ತಪ್ಪುತ್ತದೆಂದು ಬಹಳ ಹೊತ್ತಿನಿಂದ ತಡೆದುಕೊಂಡು ಕೂತಿದ್ದರು.

ಆ ಸುತ್ತಿನಲ್ಲಿ ಮಧ್ಯದ ಐದೂ ಎಲೆ ತೆರೆದಿದ್ದವು. ಮಾವನವರ ರಾಶಿಯಲ್ಲಿ ಅರ್ಧಕ್ಕಿಂತ ಹೆಚ್ಚು ಆಗಲೇ ಬಾಜಿಗೆ ಹೋಗಿತ್ತು. ಉಳಿದವರೆಲ್ಲ ಎಲೆ ಕೆಳಗಿಟ್ಟಿದ್ದರು. ಎದುರಿಗಿದ್ದದ್ದು ಆ ಸೊಸೈಟಿಯದೇ ಒಬ್ಬ ಯುವಕ, ಒಳಗೆ ಕೂತರೂ ಕಪ್ಪು ಕನ್ನಡಕ ತೆಗೆಯದವನು. ಅವನು ಒಂದು ದೊಡ್ಡ ರಾಶಿ ಬಿಲ್ಲೆಯನ್ನು ಮುಂದಕ್ಕೆ ತಳ್ಳಿದ. ಮಾವನವರ ಸರದಿ. ಸಮ ಕಟ್ಟಬೇಕು ಇಲ್ಲವೇ ಎಲೆ ಬಿಡಬೇಕು. ಅವರು ಎಲೆ ನೋಡಿದರು, ಯುವಕನನ್ನು ನೋಡಿದರು, ಶೌಚಾಲಯದ ಬಾಗಿಲು ನೋಡಿದರು. ನಂತರ ಎದ್ದು ನಿಂತರು. ತಿರುಗಿ ನೋಡದೆ, ಎರಡು ಎಲೆಗಳನ್ನು ಹೆಗಲ ಮೇಲೆ ಎತ್ತಿದರು.

“ಹಿಡಿ. ನೋಡಿ ಆಡು. ಈಗ ಬಂದೆ,” ಎಂದರು.

ಹೆಗಲ ಹಿಂದೆ ಇದ್ದವನು ನಾನೊಬ್ಬನೇ.

ಗೋಡೆಯ ಮೇಲಿನ ನಿಯಮ ನನಗೆ ಬಾಯಿಪಾಠವಿತ್ತು. ಒಬ್ಬರ ಎಲೆಯನ್ನು ಇನ್ನೊಬ್ಬರು ಆಡುವಂತಿಲ್ಲ, ಬೇರೆಯವರ ಕೈಗೆ ಹೋದ ಎಲೆ ಆ ಕ್ಷಣಕ್ಕೇ ಸತ್ತಿತು, ಅದುವರೆಗೆ ಕಟ್ಟಿದ ಬಿಲ್ಲೆಗಳೆಲ್ಲ ಎದುರಾಳಿಗೆ. ಪೋಕರಿನಲ್ಲಿ ಇದು ಎಲ್ಲ ಕಡೆ ಇರುವ ನಿಯಮವೇ. ರೈಲಿನ ಆಟದಲ್ಲಿ ಪಳಗಿದ ಅವರಿಗೆ ಇಂಥದ್ದೊಂದು ಇರಬಹುದೆಂಬ ಕಲ್ಪನೆಯೇ ಇರಲಿಲ್ಲ. ಎದ್ದು ಹೋಗುವವನು ಎಲೆ ಕೊಟ್ಟು ಹೋಗಬೇಕು, ಅಷ್ಟೇ ಅವರಿಗೆ ಗೊತ್ತಿದ್ದದ್ದು. “ಮಾವ, ಸಮ ಅಂತ ಬಾಯಲ್ಲಿ ಹೇಳಿ ಹೋಗಿ ಸಾಕು, ಎಲೆ ಅಲ್ಲೇ ಇಡಿ” ಎಂದು ನಾನು ಹೇಳಬಹುದಿತ್ತು. ಹೇಳಲು ಸಮಯವೂ ಇತ್ತು. ಆದರೆ ಆ ಕೈ ನನ್ನ ಮೂಗಿನ ಮುಂದೆ ನಿಂತಿತ್ತು. ಪಕ್ಕಕ್ಕೆ ಹೋಗಲಿಲ್ಲ. ನಾನು ಬೇಡವೆಂದರೆ ಅದು ಇನ್ನೊಮ್ಮೆ ಹೀಗೆ ಏಳುತ್ತದೆಂದು ನನಗೆ ನಂಬಿಕೆಯಿರಲಿಲ್ಲ.

ತೆಗೆದುಕೊಂಡೆ. ಅವರು ಶೌಚಾಲಯದ ಕಡೆ ಓಡುನಡಿಗೆಯಲ್ಲಿ ಹೋದರು.

ಎಲೆ ನೋಡಿದೆ. ಎರಡು ಒಂಬತ್ತು. ಮೇಜಿನ ಮೇಲೆ ಇನ್ನೊಂದು ಒಂಬತ್ತಿತ್ತು. ಮೂರಾಯಿತು. ಅಲ್ಲಿ ತೆರೆದಿದ್ದ ಎಲೆಗಳಿಗೆ ಅದಕ್ಕಿಂತ ದೊಡ್ಡದು ಬರುವುದು ಬಹಳ ಕಷ್ಟ. ನನ್ನ ಕಿವಿ ಖಂಡಿತ ಕೆಂಪಾಗಿರಬೇಕು. ಅಷ್ಟರಲ್ಲಿ ಆಟ ನಡೆಸುತ್ತಿದ್ದ ನನ್ನ ಸಹೋದ್ಯೋಗಿ ಬಂದು ತಲೆಯ ಮೇಲೆ ಕೈಯಿಟ್ಟುಕೊಂಡ. “ಅರೇ ಯಾರ್, ರೂಲ್ಸ್ ತೂನೇ ಹೀ ತೋ ಲಿಖೇ ಹೈಂ,” ಎಂದ. ನಿಯಮ ಬರೆದವನು ನೀನೇ ಅಲ್ಲವೇ ಎಂದು. ಹೌದೆಂದೆ. ಎಲೆಗಳನ್ನು ಅವನ ಕೈಗೆ ಕೊಟ್ಟೆ. ಯುವಕ ಬಿಲ್ಲೆಗಳನ್ನೆಲ್ಲ ಎಳೆದುಕೊಂಡು, ತನ್ನ ಚಾಲಾಕಿತನ ಎಲ್ಲರಿಗೂ ಕಾಣಲೆಂದು ಎಲೆ ತಿರುಗಿಸಿ ಮೇಜಿನ ಮೇಲೆ ಹಾಗೇ ಬಿಟ್ಟ. ಅವನಲ್ಲಿ ಒಂದು ಜೋಡಿಯೂ ಇರಲಿಲ್ಲ.

ಮಾವನವರು ಕರವಸ್ತ್ರದಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದರು. ಮುಖದಲ್ಲಿ ನೆಮ್ಮದಿಯಿತ್ತು. ತಮ್ಮ ಬಿಲ್ಲೆಗಳ ಜಾಗ ನೋಡಿದರು. ನಂತರ ನನ್ನನ್ನು ನೋಡಿದರು. ಅಡುಗೆಮನೆ ಇರಲಿಲ್ಲ, ಮಗಳು ಬಾಗಿಲ ಬಳಿ ದೂರದಲ್ಲಿದ್ದಳು.

“ಏನಾಯ್ತು?” ಎಂದು ನನ್ನನ್ನೇ ಕೇಳಿದರು.

“ಎಲೆ ಸತ್ತು ಹೋಯ್ತು ಮಾವ. ಇಲ್ಲಿ ಒಬ್ಬರ ಎಲೆ ಇನ್ನೊಬ್ಬರು ಮುಟ್ಟೋ ಹಾಗಿಲ್ಲ. ಅದು ನಿಯಮ.”

“ನಿಯಮ ಯಾರು ಮಾಡಿದ್ದು?”

“ಮೊದಲಿಂದಲೂ ಇದೆ. ಈ ಗೋಡೆ ಮೇಲಿರೋದು ಮಾತ್ರ ನಾನು ಬರೆದದ್ದು.”

“ಅಂದ್ರೆ ನಿನಗೆ ಗೊತ್ತಿತ್ತು.”

“ಗೊತ್ತಿತ್ತು.”

“ಗೊತ್ತಿದ್ದೂ ತಕೊಂಡದ್ದಾ?”

“ನೀವು ಕೊಟ್ಟಿರಲ್ಲ,” ಎಂದೆ.

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಪೋಕರಿನವರು ನೋಡುವ ಹಾಗಲ್ಲ. ಮತ್ತೆ ಕೂತು, ಉಳಿದಿದ್ದ ಬಿಲ್ಲೆಗಳನ್ನೆಲ್ಲ ಮುಂದಿನ ಎಲೆಗೇ ಕಟ್ಟಿ ಸೋತರು. ಮಿಕ್ಸರ್ ಕಪ್ಪು ಕನ್ನಡಕದವನ ಮನೆಗೆ ಹೋಯಿತು. ಸೋತವರಿಗೆಲ್ಲ ಒಂದೊಂದು ಡಬ್ಬಿ ಅವಲಕ್ಕಿ ಚಿವಡಾ ಕೊಟ್ಟರು.

ಠಾಣೆ ಸ್ಟೇಷನ್ನಿನಲ್ಲಿ ಡೊಂಬಿವಲಿಯ ಗಾಡಿಗೆ ಕಾಯುತ್ತಾ ನಿಂತೆವು. ನಮ್ಮ ಮಗಳು ಅಜ್ಜಿಯ ಹತ್ತಿರವಿದ್ದಳು, ಅವಳನ್ನು ಕರೆತರಬೇಕಿತ್ತು. ನಾನೂ ಬರಬಹುದೋ ಬಾರದೋ ಎಂದು ಹೆಂಡತಿಯನ್ನು ಕೇಳುವ ಧೈರ್ಯ ನನಗಾಗಲಿಲ್ಲ. ಗಾಡಿ ಬಂದಾಗ ಅವಳು ನಮ್ಮಿಬ್ಬರನ್ನೂ ಒಂದು ಸಲ ನೋಡಿ, ಹೆಂಗಸರ ಬೋಗಿಯ ಕಡೆ ನಡೆದುಬಿಟ್ಟಳು. ನಾನು ಮಾವನವರ ಹಿಂದೆ ಹತ್ತಿದೆ.

ಭಾನುವಾರವಾದರೂ ಹಬ್ಬದ ಸಾಮಾನು ಹೊತ್ತವರಿಂದ ಬೋಗಿ ತುಂಬಿತ್ತು. ಯಾರೋ ಸರಿದು ಮಾವನವರಿಗೆ ಬೆಂಚಿನ ಅಂಚಿನಲ್ಲಿ ನಾಲ್ಕನೆಯವರಾಗಿ ಕೂರಲು ಜಾಗ ಕೊಟ್ಟರು. ನಾನು ಪಕ್ಕದಲ್ಲಿ ನಿಂತೆ. ಗಾಡಿ ಹೊರಡುವುದೇ ತಡ, ಅವರು ಶುರು ಮಾಡಿದರು.

“ಮೂರು ಒಂಬತ್ತು. ಅವನ ಹತ್ರ ಏನಿತ್ತು? ಬೂದಿ. ಮೂರು ಒಂಬತ್ತು ಬಿಟ್ಟು ಬಂದದ್ದು ನಾನು.”

“ಹೌದು ಮಾವ.”

“ಇವತ್ತು ನಿನ್ನ ಅತ್ತೆಗೆ ಏನು ಹೇಳೋದು? ಮಿಕ್ಸರ್ ಬದ್ಲು ಚಿವಡಾ ತಂದೆ ಅಂತವಾ? ಬಾಯಿ ಬಿಟ್ಟು ಒಂದು ಮಾತು ಹೇಳಿದ್ರೆ ಆಗ್ತಿತ್ತು ನಿನಗೆ. ಕನ್ನಡದಲ್ಲಿ ಹೇಳಿದ್ರೆ ನನಗೆ ಅರ್ಥ ಆಗ್ತದೆ.”

“ಹೌದು ಮಾವ.”

“ಹೌದು ಹೌದು ಅಂತೀಯಲ್ಲ. ಓದಿದವನು ಅಂತ ಕೊಟ್ರೆ ಹೀಗ್ಮಾಡೋದಾ?”

ಕಳವಾ ದಾಟುವವರೆಗೂ ಅವರು ಬೈದರು. ಅಷ್ಟು ವರ್ಷ ಕೂಡಿಟ್ಟದ್ದನ್ನೆಲ್ಲ ಸೇರಿಸಿಯೇ ಬೈದರು. ರಿಜಿಸ್ಟ್ರಾರ್ ಆಫೀಸಿನ ದಿನ ನಾನು ತೊಟ್ಟಿದ್ದ ಅಂಗಿಯ ಬಣ್ಣವೂ ಬಂತು, ಬಣ್ಣ ದೊಡ್ಡದೆಂದ ಆ ಭಾನುವಾರವೂ ಬಂತು. ನನಗೆ ಎಷ್ಟು ಸಂತೋಷವಾಯಿತೆಂದರೆ ಅದನ್ನು ಮುಚ್ಚಿಟ್ಟುಕೊಳ್ಳಲು ಕಿಟಕಿಯ ಕಡೆ ಮುಖ ತಿರುಗಿಸಬೇಕಾಯಿತು. ಒಂದು ಅನುಮಾನ ಮಾತ್ರ ಕೊರೆಯುತ್ತಿತ್ತು. ಅವರು ತಿರುಗಿ ನೋಡಿರಲಿಲ್ಲ. ಹಿಂದೆ ಯಾರಿದ್ದರೂ ಕೊಡುತ್ತಿದ್ದರೋ ಏನೋ.

ಅವರು ಉಸಿರು ತೆಗೆದುಕೊಂಡಾಗ ಕೇಳಿಯೇಬಿಟ್ಟೆ. “ಮಾವ, ಹಿಂದೆ ಇದ್ದದ್ದು ನಾನು ಅಂತ ಗೊತ್ತಿತ್ತಾ ನಿಮಗೆ?”

“ಹಿಂದೆ ಯಾರಿದ್ದಾರೆ ಅಂತ ಗೊತ್ತಿಲ್ಲದೆ ಯಾರಾದ್ರೂ ಎಲೆ ಕೊಡ್ತಾರಾ?”

“ಹಾಗಾದ್ರೆ ಆಗ ಲೋಕಲ್ಲಿನಲ್ಲಿ ಒಂದು ದಿನವೂ ಯಾಕೆ ಕೊಡಲಿಲ್ಲ? ದಿನಾ ನಿಮ್ಮ ಹಿಂದೆ ನಿಂತಿರ್ತಿದ್ದೆ.”

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಇಷ್ಟು ಸಣ್ಣ ವಿಷಯವೂ ತಿಳಿಯುವುದಿಲ್ಲವೇ ಎಂಬಂತೆ ನೋಡಿದರು.

“ಒಂದು ಕೈ ಹ್ಯಾಂಡಲಿನಲ್ಲಿ, ಇನ್ನೊಂದು ಕೈ ಬ್ಯಾಗಿನ ಪಟ್ಟಿಯಲ್ಲಿ. ದಿನಾ ಅದೇ. ಕೈ ಚಾಚಿದವನಿಗೆ ಎಲೆ ಕೊಡೋದು. ನಿನಗೆ ಕೊಡೋದಾದ್ರೆ ಎಲ್ಲಿ ಇಡೋದು, ಬಾಯಿಗಾ?”

ಇದು ನಿಜವೋ, ಅಲ್ಲೇ ಆ ಕ್ಷಣಕ್ಕೆ ಹೊಳೆದ ಉತ್ತರವೋ ನನಗೆ ಇವತ್ತಿಗೂ ಗೊತ್ತಿಲ್ಲ. ಪೋಕರಿನಲ್ಲಾಗಿದ್ದರೆ ಸಮ ಕಟ್ಟಿ ಎಲೆ ತಿರುಗಿಸಿ ನೋಡುತ್ತಿದ್ದೆ. ಅಲ್ಲಿ ನಂಬಿದೆ.

ಗಾಡಿ ಸುರಂಗ ಹೊಕ್ಕಿತು. ಮಾತು ಕೇಳದಷ್ಟು ಸದ್ದು. ಹೊರಬಂದಾಗ ಮಾವನವರು ಚಿವಡಾದ ಡಬ್ಬಿಯನ್ನು ನನ್ನ ಕಡೆ ಎತ್ತಿ ಹಿಡಿದಿದ್ದರು. “ಹಿಡಿ. ಅತ್ತೆಗೆ ನೀನೇ ಕೊಡು. ಬೈಗುಳ ಇಬ್ಬರಿಗೂ ಸಮ ಆಗ್ಲಿ,” ಎಂದರು. ನಾನು ಹ್ಯಾಂಡಲ್ ಬಿಟ್ಟು ಎರಡೂ ಕೈ ಚಾಚಿದೆ. ಅದೇ ಹೊತ್ತಿಗೆ ಗಾಡಿ ವಾಲಿತು. ಡಬ್ಬಿ ಸಮೇತ ಹಿಂದಿನವನ ಮೇಲೆ ಬಿದ್ದು ಅವನ ಕಾಲು ತುಳಿದೆ. ಅವನು ಮರಾಠಿಯಲ್ಲಿ ಸರಿಯಾಗಿಯೇ ಗದರಿಕೊಂಡ, ಕುಡಿದಿದ್ದೀಯಾ ಎಂದೂ ಕೇಳಿದ.

ಮಾವನವರು ಕೂತಲ್ಲಿಂದಲೇ ನನ್ನ ಅಂಗಿ ಹಿಡಿದು ನಿಲ್ಲಿಸಿದರು. ಅವನ ಕಡೆ ತಿರುಗಿ, ಬೋಗಿಗೆಲ್ಲ ಕೇಳುವ ಹಾಗೆ ಹೇಳಿದರು: “ಜಾವಈ ಆಹೇ ಮಾಝಾ. ಪತ್ತೇ ಪಣ ಖೇಳತಾ ಯೇತ್ ನಾಹೀ, ಉಭಂ ಪಣ ರಾಹತಾ ಯೇತ್ ನಾಹೀ.”

ನನ್ನ ಅಳಿಯ, ಎಲೆ ಆಡಲೂ ಬರುವುದಿಲ್ಲ, ನಿಲ್ಲಲೂ ಬರುವುದಿಲ್ಲ. ಆ ಮನುಷ್ಯ ನಕ್ಕು ಸ್ವಲ್ಪ ಸರಿದು ನನಗೆ ನಿಲ್ಲಲು ಜಾಗ ಕೊಟ್ಟ. ಡೊಂಬಿವಲಿ ಬರುವವರೆಗೂ ಮಾವನವರು ನನ್ನ ಅಂಗಿ ಬಿಡಲಿಲ್ಲ.